ಪಿತ್ತ ಒಡೆಯದಂತೆ

ಪಿಯುಸಿ ವಿದ್ಯಾರ್ಥಿಗಳಿಗೆ ಜೀರ್ಣಕ್ರಿಯೆಯ ಪಾಠ ಮಾಡುವುದು ನನ್ನ ಉದ್ಯೋಗದ ಒಂದು ಭಾಗ. ೧೯೯೭ರಲ್ಲಿ ಬೈಂದೂರಿನ ಕಾಲೇಜೊಂದಕ್ಕೆ ಜೀವಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದಂದಿನಿಂದ ಆ ಪಾಠ ಪ್ರತಿವರ್ಷವೂ ಕಾಲೇಜಿನಲ್ಲಿ ಮುಗಿಯುತ್ತದೆ, ಗಂಗೊಳ್ಳಿಯ ನಮ್ಮ ಮನೆಯಲ್ಲಿ ಮಾತ್ರ ಮುಗಿಯುವುದಿಲ್ಲ. ಅಲ್ಲಿ ತಲೆ ತಿರುಗಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ, ಬಸ್ಸಿನಲ್ಲಿ ವಾಂತಿಯಾದರೆ ಪಿತ್ತ. ಹೀಗಾಗಿ ಪಿತ್ತದ ಸಂಬಂಧದಲ್ಲಿ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ಚಿಕ್ಕವಳಿದ್ದಾಗ ಅಜ್ಜಿ ಹೇಳಿದ್ದ ಪ್ರಕಾರ ಪಿತ್ತವೆಂಬುದು ಒಂದು ವಿಷ. ಮನುಷ್ಯ ಮಲಗಿದ ಮೇಲೆ ಅದು ಹೊಟ್ಟೆಯಿಂದ ಮೆಲ್ಲಗೆ ಏರಿ ಬಂದು ಗಂಟಲಲ್ಲಿ ಕುಳಿತಿರುತ್ತದೆ. ಬೆಳಿಗ್ಗೆ ಹೊರಗೆ ಹಾಕದಿದ್ದರೆ ತಲೆಗೆ ಏರುತ್ತದೆ. ಈ ವಿವರಣೆಯಲ್ಲಿ ನನಗೆ ಆಗಲೇ ಒಂದು ಅನುಮಾನವಿತ್ತು. ಮಲಗಿದ ಮನುಷ್ಯನ ಹೊಟ್ಟೆಯೂ ತಲೆಯೂ ಒಂದೇ ಮಟ್ಟದಲ್ಲಿರುವಾಗ ಏರುವುದು ಎಂದರೇನು? ಕೇಳಿಯೂ ಬಿಟ್ಟೆ.

"ಬಾಯ್ ಮುಚ್ಕೊ ಹೆಣ್ಣೆ. ನಿಂಗ್ ಈಗ್ಳೇ ಏರಿತ್" ಎಂದರು ಅಜ್ಜಿ.

೧. ಬಾವಿಕಟ್ಟೆಯ ಆರ್ತನಾದ

ಅಜ್ಜಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಮೂವರು. ನನ್ನನ್ನು ಸಾಕಿದ ದೊಡ್ಡಮ್ಮ, ಮುಂಬಯಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ಊರಿಗೆ ಮರಳಿದ್ದ ಅವರ ತಮ್ಮ, ಅಂದರೆ ನನ್ನ ಮಾವ, ಮತ್ತು ನಾನು. ದೊಡ್ಡಮ್ಮ ದಿನವೂ ಮೀನಿನ ಬುಟ್ಟಿ ಹೊತ್ತು ಕಡವಿನಲ್ಲಿ ದೋಣಿ ಹತ್ತಿ ಹೊಳೆ ದಾಟಿ ಕುಂದಾಪುರದ ಮಾರ್ಕೆಟ್ಟಿಗೆ ಹೋಗುತ್ತಿದ್ದರು.

ಬೆಳಿಗ್ಗೆ ದೊಡ್ಡಮ್ಮ, ಮಾವ ಇಬ್ಬರೂ ಬಾವಿಕಟ್ಟೆಯ ಬಳಿ ನಿಂತು ನಾಲಿಗೆ ಕೆರೆದು ಪಿತ್ತ ಹೊರಹಾಕುವುದು ಕ್ರಮ. ಅದರ ಶಬ್ದವನ್ನು ಬರಹದಲ್ಲಿ ತರಲಾರೆ. ಅಭ್ಯಾಸವಿಲ್ಲದವರಿಗೆ ಅದು ಇಬ್ಬರ ಕುತ್ತಿಗೆಯನ್ನು ಯಾರೋ ಏಕಕಾಲಕ್ಕೆ ಹಿಸುಕುತ್ತಿರುವಂತೆ ಕೇಳಿಸುತ್ತದೆ.

ಪಕ್ಕದ ಬಾಡಿಗೆ ಮನೆಗೆ ಘಟ್ಟದ ಮೇಲಿನ ಬ್ಯಾಂಕ್ ಅಧಿಕಾರಿಯೊಬ್ಬರು ಬಂದರು. ಮೊದಲನೆಯ ದಿನದ ಬೆಳಿಗ್ಗೆಯೇ ಅವರು ಬನಿಯನ್ನಿನಲ್ಲಿ ಓಡಿಹೋಗಿ ರಿಕ್ಷಾ ಕರೆತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ, "ಬೇಗ ಹತ್ತಿಸಿ! ಊಟದಲ್ಲಿ ಏನಾಗಿತ್ತು? ಎಲ್ಲರಿಗೂ ಒಟ್ಟಿಗೇ ಶುರುವಾಯಿತೇ?" ಎಂದು ನನ್ನನ್ನು ಕೇಳಿದರು.

ನಾನು ಉತ್ತರವನ್ನು ಜೋಡಿಸಿಕೊಳ್ಳುತ್ತಿರುವಾಗ ದೊಡ್ಡಮ್ಮ ಮುಖ ತೊಳೆದುಕೊಂಡು ಬಂದು ರಿಕ್ಷಾವನ್ನು ನೋಡಿದರು.

"ಹ್ಯಾಂಗೂ ಬಂದಿತ್ತ್ ಅಲ್ದಾ, ಬುಟ್ಟಿ ಹಾಕಿ. ಕಡವಿನ್ ಹತ್ರ ಬಿಡಿ" ಎಂದು ಹತ್ತಿ ಕುಳಿತರು.

ಬಾಡಿಗೆಯನ್ನು ಅಧಿಕಾರಿಗಳೇ ಕೊಟ್ಟರು.

೨. ಊಟಕ್ಕೆ ಮೊದಲೇ ಜೀರ್ಣ

ಇದಾಗಿ ಕೆಲವು ವರ್ಷಗಳ ಮೇಲೆ, ಒಂದು ಭಾನುವಾರ, ಮಾವ ಕುರಿಮಾಂಸ ತಂದರು. ಮಾಂಸ ಮೆತ್ತಗಾಗಲು ಹಸಿ ಪಪ್ಪಾಯಿ ಅರೆದು ಹಚ್ಚಿಡುವ ಉಪಾಯವನ್ನು ಅವರು ಕ್ಯಾಂಟೀನಿನಲ್ಲಿ ಕಲಿತಿದ್ದರು. ಸ್ವಲ್ಪ ಹೊತ್ತು ಇಟ್ಟರೆ ಸಾಕೆಂದು ಕಲಿಸಿದವರು ಹೇಳಿದ್ದರಂತೆ. ಸ್ವಲ್ಪ ಹೊತ್ತಿನಲ್ಲಿ ಅಷ್ಟು ಮೆತ್ತಗಾಗುವುದಾದರೆ ಬಹಳ ಹೊತ್ತಿನಲ್ಲಿ ಎಷ್ಟಾಗಬೇಡ ಎಂಬುದು ಮಾವನ ತರ್ಕ. ಬೆಳಗ್ಗೆಯೇ ಧಾರಾಳವಾಗಿ ಪಪ್ಪಾಯಿ ಹಚ್ಚಿ ಮುಚ್ಚಿಟ್ಟು ಪೇಟೆಗೆ ಹೋದವರು ಮಧ್ಯಾಹ್ನ ಬಂದು ಒಲೆಯ ಮೇಲಿಟ್ಟು ಕುದಿಸಿದರು. ಸೌಟು ಹಾಕಿದರೆ ತುಂಡುಗಳಿಲ್ಲ.

"ಬೆಕ್ಕ್ ತಿಂದಿತ್!" ಎಂದರು ಮಾವ.

"ಎಲುಬು ಬಿಟ್ಟು ಮಾಂಸ ಮಾತ್ರ ತಿಂದು, ಮತ್ತೆ ಮುಚ್ಚಳ ಮುಚ್ಚಿ ಹೋಯಿತೇ?" ಎಂದು ಕೇಳಿದೆ.

ಅನಂತರ ವಿವರಿಸಿದೆ. ಪಪ್ಪಾಯಿಯ ಹಾಲಿನಲ್ಲಿ ಒಂದು ಕಿಣ್ವವಿದೆ. ನಮ್ಮ ಜಠರದಲ್ಲಿರುವ ಕಿಣ್ವ ಮಾಂಸದ ಪ್ರೋಟೀನನ್ನು ಹೇಗೆ ಕತ್ತರಿಸುತ್ತದೋ ಹಾಗೆಯೇ ಇದೂ ಕತ್ತರಿಸುತ್ತದೆ. ನಾವು ತಿಂದ ಮೇಲೆ ಆಗಬೇಕಾದ ಕೆಲಸದ ಒಂದು ಪಾಲು ಪಾತ್ರೆಯಲ್ಲಿಯೇ ಆಗಿದೆ.

"ಅರೇ, ಅಂದ್ರೆ ಅರ್ಧ ಜೀರ್ಣ ಆಯ್ತ್ ಅಂದೇಳಿ ಆಯ್ತಲೆ! ಏಕ್ದಮ್ ಒಳ್ಳೇದ್" ಎಂದರು ಮಾವ.

"ಮತ್ತೊಬ್ರ್ ಜೀರ್ಣ ಮಾಡಿಟ್ಟದ್ದನ್ನ್ ನಾ ತಿಂಬುದಿಲ್ಲೆ" ಎಂದರು ದೊಡ್ಡಮ್ಮ.

ಆದರೆ ಹಾಕಿದ ಮಸಾಲೆ ಹಾಳಾಗಬಾರದೆಂದು, ಮೇಲೆ ತೇಲುತ್ತಿದ್ದ ಕೊಬ್ಬಿನ ಸಮೇತ ಆ ಗಂಜಿಯಂಥ ಸಾರನ್ನು ಅತಿ ಹೆಚ್ಚು ಉಂಡವರು ಅವರೇ. ಸಂಜೆಯ ಹೊತ್ತಿಗೆ ಬಲಪಕ್ಕೆಲುಬಿನ ಕೆಳಗೆ ಹಿಡಿದುಕೊಂಡ ನೋವಿಗೆ ದೊಡ್ಡಮ್ಮ ಚಾಪೆಯ ಮೇಲೆ ಹೊರಳಾಡಿದರು. ಮಾವ ಹೆದರಿ ಮಿಕ್ಕ ಸಾರನ್ನು ಬೆಕ್ಕಿಗೆ ಹಾಕಿದರು.

ಬೆಕ್ಕು ಮೂಸಿ ನೋಡಿ ಹೊರಟುಹೋಯಿತು. ಮಧ್ಯಾಹ್ನದ ಆರೋಪವನ್ನು ಅದು ಮರೆತಿರಲಿಲ್ಲ.

೩. ಬಾಳೆದಿಂಡಿನ ಚಿಕಿತ್ಸೆ

ಕುಂದಾಪುರದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ದೊಡ್ಡಮ್ಮನ ಪಿತ್ತಕೋಶದ ತುಂಬ ಕಲ್ಲುಗಳು ಕಂಡವು. ಬ್ರಹ್ಮಾವರದ ಶಸ್ತ್ರಚಿಕಿತ್ಸಕರು ಪಿತ್ತಕೋಶವನ್ನೇ ತೆಗೆಯಬೇಕೆಂದರು. ತಡಮಾಡಿದರೆ ಕಲ್ಲೊಂದು ಜಾರಿ ನಾಳದಲ್ಲಿ ಸಿಕ್ಕಿಕೊಂಡು ಕಾಮಾಲೆಯಾಗಿ ಪ್ರಾಣಕ್ಕೇ ಅಪಾಯವಾಗಬಹುದೆಂದು ನನ್ನನ್ನು ಬೇರೆಯಾಗಿ ಕರೆದು ಎಚ್ಚರಿಸಿದರು.

ದೊಡ್ಡಮ್ಮ ಸುತರಾಂ ಒಪ್ಪಲಿಲ್ಲ.

"ಪಿತ್ತದ್ ಚೀಲ ತೆಗ್ದ್ ಮೇಲೆ ತಿಂದ್ ಮೀನ್ ಕರ್ಗುದ್ ಹ್ಯಾಂಗೆ? ಮೀನ್ ತಿಂಬುಕಾಗ್ದಿರೆ ನಾ ಬದ್ಕಿ ಎಂತ ಮಾಡುದ್?"

"ಇಷ್ಟು ವರ್ಷ ಬೆಳಿಗ್ಗೆ ಎದ್ದು ವಿಷವೆಂದು ಕೆರೆದು ಬಿಸಾಡಿದ್ದೂ ಅದನ್ನೇ ಅಲ್ಲವೇ?" ಎಂದು ನೆನಪಿಸಿದೆ.

"ಅದ್ ಹೆಚ್ಚಾದ್ದ್. ಇದ್ ಬೇಕಾದ್ದ್" ಎಂದರು.

ಅಷ್ಟರಲ್ಲಿ ಮಾವ ಬಾಳೆದಿಂಡಿನ ರಸದ ಶಿಫಾರಸು ತಂದರು. ಬೀಜಾಡಿಯ ಅವರ ಗೆಳೆಯರೊಬ್ಬರಿಗೆ ಮೂತ್ರದ ಕಲ್ಲು ಅದರಿಂದಲೇ ಹೋಯಿತಂತೆ. ಮೂತ್ರ ಹೋಗುವ ದಾರಿ ಬೇರೆ, ಪಿತ್ತ ಹೋಗುವ ದಾರಿ ಬೇರೆ, ಎರಡಕ್ಕೂ ನಡುವೆ ಸಂಪರ್ಕವಿಲ್ಲ ಎಂದು ನಾನು ಚಿತ್ರ ಬರೆದು ತೋರಿಸಿದೆ.

ಮಾವ ಚಿತ್ರವನ್ನು ಗೌರವದಿಂದಲೇ ನೋಡಿದರು. "ಎರ್ಡೂ ಒಂದೇ ಹೊಟ್ಟಿ ಒಳ್ಗೆ ಇಪ್ದಲ್ದಾ? ನೆರೆಕರೆ ಅಂದ್ ಮೇಲೆ ಒಂಚೂರ್ ಸಹಾಯ ಆಗ್ದೇ ಇರತ್ತಾ?"

ಹಿತ್ತಿಲಿನ ಬಾಳೆ ಕಡಿದು ದೊಡ್ಡಮ್ಮ ರಸ ಕುಡಿದರು. ಜೊತೆಗೊಬ್ಬರಿರಲೆಂದು ಮಾವನೂ ಕುಡಿದರು. ಎರಡನೆಯ ಬಾರಿ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲುಗಳು ಇದ್ದಲ್ಲೇ ಇದ್ದವು. ಖಾಲಿಯಾದದ್ದು ಹಿತ್ತಿಲು.

೪. ಎರಡು ಗ್ಲಾಸುಗಳು

ಬಾಯಿಮಾತಿಗೆ ಬಗ್ಗದವರಿಗೆ ಪ್ರಯೋಗವೇ ಮದ್ದು ಎಂದು ಕಾಲೇಜಿನಲ್ಲಿ ನಾನು ನಂಬಿದ್ದೆ. ಆದ್ದರಿಂದ ದೊಡ್ಡಮ್ಮ ಬಂಗಡೆ ಮೀನು ಹೆರೆದು ಶುಚಿಮಾಡುವಾಗ ಅವುಗಳ ಪಿತ್ತವನ್ನು ಕೇಳಿ ಪಡೆದೆ. ಬಂಗಡೆಯ ಪಿತ್ತಕೋಶ ಉದ್ದನೆಯ, ತೆಳ್ಳನೆಯ ಹಸಿರು ಚೀಲ. ಉಗುರು ತಾಗಿದರೂ ಒಡೆಯುತ್ತದೆ, ಒಡೆದರೆ ತಾಗಿದ ಮಾಂಸವೆಲ್ಲ ಕಹಿ. ದೊಡ್ಡಮ್ಮನ ಕೈಯಲ್ಲಿ ಅದು ಒಡೆದದ್ದಿಲ್ಲ. ಮಾರ್ಕೆಟ್ಟಿನಲ್ಲಿ ಅವರಿಗೆ ಹೆಸರಿದ್ದದ್ದೇ ಅದಕ್ಕೆ.

ಎರಡು ಗ್ಲಾಸುಗಳಲ್ಲಿ ನೀರು ಹಾಕಿ, ಎರಡಕ್ಕೂ ತೆಂಗಿನೆಣ್ಣೆ ಬೆರೆಸಿ, ಒಂದಕ್ಕೆ ಮಾತ್ರ ಪಿತ್ತ ಸೇರಿಸಿ ಚೆನ್ನಾಗಿ ಕದಡಿದೆ. ಪಿತ್ತವಿಲ್ಲದ ಗ್ಲಾಸಿನಲ್ಲಿ ಎಣ್ಣೆ ಕೂಡಲೇ ಮೇಲಕ್ಕೆ ಬಂದು ನಿಂತಿತು. ಪಿತ್ತವಿದ್ದದ್ದು ಬಿಳಿಚಿಕೊಂಡು ಹಾಗೆಯೇ ಉಳಿಯಿತು.

"ನೋಡಿ ದೊಡ್ಡಮ್ಮ, ಪಿತ್ತ ತಾನಾಗಿ ಏನನ್ನೂ ಜೀರ್ಣ ಮಾಡುವುದಿಲ್ಲ. ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದುಕೊಡುತ್ತದೆ, ಅಷ್ಟೇ. ನೀವು ದೊಡ್ಡ ಅಂಜಲ್ ಮೀನನ್ನು ತುಂಡು ಮಾಡಿಕೊಡುವ ಹಾಗೆ. ಮುಂದಿನ ಕೆಲಸ ಮೇದೋಜೀರಕ ಗ್ರಂಥಿಯಿಂದ ಬರುವ ಕಿಣ್ವದ್ದು. ಇನ್ನು ಪಿತ್ತವನ್ನು ತಯಾರಿಸುವುದು ಯಕೃತ್ತು. ಚೀಲದಲ್ಲಿ ಬರೀ ಶೇಖರಣೆ. ಮೀನು ತರುವುದು ದೋಣಿ, ಐಸ್ ಪ್ಲಾಂಟಿನಲ್ಲಿ ಇಡುವುದು ಮಾತ್ರ. ಐಸ್ ಪ್ಲಾಂಟ್ ಮುಚ್ಚಿದರೆ ದೋಣಿ ನಿಂತುಬಿಡುತ್ತದೆಯೇ?"

"ದೋಣಿ ನಿಲ್ಲುದಿಲ್ಲೆ. ಮೀನ್ ಹಳ್ಸತ್ತ್" ಎಂದರು ದೊಡ್ಡಮ್ಮ.

ಹೋಲಿಕೆಗಳ ಮೇಲಿನ ನನ್ನ ವಿಶ್ವಾಸ ಅಂದು ಸ್ವಲ್ಪ ಕುಸಿಯಿತು. ಅವರು ಬಿಳಿಚಿದ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು.

"ಸೋಪಿನ್ ನೀರ್ ಹಾಕಿರೂ ಹೀಂಗೇ ಆತ್ತ್."

"ಸರಿಯಾಗಿ ಹೇಳಿದಿರಿ! ಪಿತ್ತದ ಕೆಲಸವೂ ಸೋಪಿನ ಕೆಲಸದಂತೆಯೇ" ಎಂದೆ, ಸಂತೋಷ ತಡೆಯಲಾರದೆ.

"ಹಾಂಗಾರೆ ಅಡ್ಡಿಲ್ಲೆ. ಚೀಲ ತೆಗ್ದ್ ಮೇಲೆ, ಮೀನ್ ತಿಂದ್ ಕೂಡ್ಲೆ ಒಂದ್ ತುಂಡ್ ಬಾರ್ ಸೋಪ್ ತಿಂದ್ರಾಯ್ತ್."

ಆ ಸಂಜೆಯಿಂದ ಬಟ್ಟೆಯ ಸೋಪನ್ನು ನಾನು ಕಪಾಟಿನಲ್ಲಿಟ್ಟು ಬೀಗ ಹಾಕತೊಡಗಿದೆ.

೫. ಡಾಕ್ಟರ ಪರೀಕ್ಷೆ

ನೋವು ಮತ್ತೆರಡು ಸಲ ಬಂತು. ಎರಡನೆಯ ಸಲ ದೊಡ್ಡಮ್ಮ ಮಾರ್ಕೆಟ್ಟಿನಲ್ಲಿಯೇ ಬುಟ್ಟಿಯ ಪಕ್ಕ ಕುಸಿದರು. ಇನ್ನು ಕಾಯುವಂತಿಲ್ಲ ಎಂದು ನಾನು ಕೈಮುಗಿದು ಕೇಳಿಕೊಂಡ ಮೇಲೆ, "ಡಾಕ್ಟ್ರ ಹತ್ರ ಒಂದ್ ಮಾತ್ ಕೇಂತೆ. ಆಮೇಲೆ ಹೇಳ್ತೆ" ಎಂದು ಹೊರಟರು. ಕೈಯಲ್ಲೊಂದು ಸ್ಟೀಲ್ ಡಬ್ಬಿಯಿತ್ತು. ದಾರಿಗೆ ಅವಲಕ್ಕಿ ಇರಬೇಕೆಂದು ನಾನು ತಿಳಿದೆ.

ಶಸ್ತ್ರಚಿಕಿತ್ಸಕರು ಧಾರವಾಡದ ಕಡೆಯ ತರುಣ. ಬ್ರಹ್ಮಾವರಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ.

"ಹೆದರಬ್ಯಾಡ್ರಿ ಅಮ್ಮಾರ. ಸಣ್ಣ ತೂತು ಮಾಡಿ ತಗೀತೀವ್ರಿ" ಎಂದರು.

"ತೆಗುವತಿಗೆ ಒಡಿತ್ತಾ?"

"ಒಡಿಯಂಗಿಲ್ರಿ. ಭಾಳ ಕಾಳಜಿಲೆ ತಗೀತೀವಿ."

"ಎಲ್ರೂ ಹೀಂಗೇ ಹೇಳುದ್. ನಮ್ ಮಾರ್ಕೆಟಂಗೆ ಹೊಸಬ್ರ್ ಎಲ್ಲ ಹೀಂಗೇ ಹೇಳಿ, ಒಡ್ದ್, ಮೀನಿಡೀ ಕಹಿ ಮಾಡ್ತ್ರ್" ಎನ್ನುತ್ತಾ ದೊಡ್ಡಮ್ಮ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ಐಸಿನ ಮೇಲೊಂದು ಬಂಗಡೆ ಮಲಗಿತ್ತು. "ಇದ್ರ ಪಿತ್ತ ತೆಗೀನಿ, ಕಾಂಬ."

ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಓದತೊಡಗಿದೆ.

ಡಾಕ್ಟರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. "ಅಮ್ಮಾರ, ನಮ್ಮನ್ಯಾಗ ಮೀನ ಮುಟ್ಟಂಗಿಲ್ರಿ."

"ಮೀನೇ ಮುಟ್ಟದವ್ರ್ ನನ್ನ್ ಮುಟ್ಟುದ್ ಹ್ಯಾಂಗೆ?"

ಈ ಪ್ರಶ್ನೆಗೆ ಯಾವ ವೈದ್ಯಕೀಯ ಕಾಲೇಜಿನಲ್ಲೂ ಉತ್ತರ ಕಲಿಸಿರಲಾರರು. ಡಾಕ್ಟರು ನನ್ನನ್ನು ನೋಡಿದರು. ನಾನು, "ಬೇರೆ ದಾರಿಯಿಲ್ಲ. ತಡಮಾಡಬಾರದೆಂದು ನೀವೇ ಹೇಳಿದ್ದಿರಿ" ಎಂದೆ.

ಅವರು ಎದ್ದು ಡ್ರೆಸ್ಸಿಂಗ್ ಕೋಣೆಗೆ ಹೋಗಿ ಕೈಗವಸು ಧರಿಸಿದರು. ಮೂಗಿಗೆ ಮಾಸ್ಕನ್ನು ಎರಡು ಪದರವಾಗಿ ಕಟ್ಟಿಕೊಂಡರು. ದೀಪವನ್ನು ತಗ್ಗಿಸಿ, ನರ್ಸಿನ ಕೈಯಿಂದ ಇಕ್ಕಳಗಳನ್ನು ಒಂದೊಂದಾಗಿ ಪಡೆದು, ಬಂಗಡೆಯ ಹೊಟ್ಟೆಯನ್ನು ತೆರೆದರು. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿತ್ತು. ದೊಡ್ಡಮ್ಮ ಪಕ್ಕದಲ್ಲಿ ನಿಂತು ಆಗಾಗ "ನಿದಾನ", "ಬಲ್ಗಡಿಂದ", "ಎಳಿಬೇಡಿ" ಎನ್ನುತ್ತಿದ್ದರು. ಕೊನೆಗೆ ಹಸಿರು ಚೀಲ ಇಡಿಯಾಗಿ ಹೊರಬಂದು ಟ್ರೇಯಲ್ಲಿ ಬಿತ್ತು. ನರ್ಸು ಉಸಿರು ಬಿಟ್ಟಳು.

ದೊಡ್ಡಮ್ಮ ಬಾಗಿ ನೋಡಿದರು. "ಒಡಿಲಿಲ್ಲೆ. ಆರೆ ನೀವ್ ಮಾಡು ಹೊತ್ತಿಗ್ ಮಾರ್ಕೆಟ್ ಮುಚ್ಚತ್ತ್."

ಅಷ್ಟಕ್ಕೆ ಮುಗಿಯಲಿಲ್ಲ. ಮೀನನ್ನು ಅದೇ ಡಬ್ಬಿಯಲ್ಲಿ ಮನೆಗೆ ತಂದು ಎಣ್ಣೆಯಲ್ಲಿ ಕಾಯಿಸಿ ಮಾವನಿಗೆ ಬಡಿಸಿದರು. ಮಾವ ಕಣ್ಣುಮುಚ್ಚಿ ಅಗಿದರು.

"ಕಹಿ ಇತ್ತಾ?"

"ಇಲ್ಲೆ. ಡೆಟ್ಟಾಲಿಂದ್ ಪರಿಮಳ ಒಂಚೂರ್ ಇತ್ತ್. ಡಾಕ್ಟ್ರ್ ಪಾಸ್."

ದೊಡ್ಡಮ್ಮ ಮರುದಿನವೇ ಆಸ್ಪತ್ರೆಗೆ ಸೇರಿದರು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಕೆಲವು ವಾರ ಗಂಜಿ, ತಿಳಿಸಾರು. ಆಮೇಲೆ ಡಾಕ್ಟರ ಒಪ್ಪಿಗೆ ಪಡೆದು ಒಂದು ತುಂಡು ಮೀನು, ಮತ್ತೆ ಕೆಲವು ದಿನ ಬಿಟ್ಟು ಒಂದು ಇಡೀ ಬಂಗಡೆ. ಉಂಡವರು ಜಗಲಿಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತು ಸಂಜೆಯವರೆಗೆ ಕಾದರು. ಏನೂ ಆಗಲಿಲ್ಲ. ಯಕೃತ್ತು ತನ್ನ ಪಾಡಿಗೆ ಪಿತ್ತವನ್ನು ತೊಟ್ಟಿಕ್ಕಿಸುತ್ತಿತ್ತು. "ಹಾಂಗಾರೆ ಆ ಚೀಲ ಇಷ್ಟ್ ದಿನ ಸುಮ್ನೆ ಕೂಕಂಡಿತ್ತಾ!" ಎಂದು ಅದನ್ನು ಬೈದು, ಒಳಗೆ ಹೋಗಿ ಇನ್ನೊಂದು ಬಂಗಡೆ ಬಡಿಸಿಕೊಂಡರು. ನಾನು ಕಪಾಟಿನ ಬೀಗ ತೆಗೆದೆ.

ಈ ಪರೀಕ್ಷೆಯ ಕಥೆ ಮಾರ್ಕೆಟ್ಟಿನಲ್ಲಿ ಬೆಳೆಯಿತು. ಡಾಕ್ಟರು ಒಂದು ಬುಟ್ಟಿ ಮೀನು ಹೆರೆದರೆಂದು ಕೆಲವರು, ದೊಡ್ಡಮ್ಮನ ಕಾಲಿಗೆ ಬಿದ್ದು ವಿದ್ಯೆ ಕಲಿತರೆಂದು ಕೆಲವರು, ಈಗ ಗುಟ್ಟಾಗಿ ಮೀನು ತಿನ್ನುತ್ತಾರೆಂದು ಉಳಿದವರು. ನಾನು ಸ್ಥಳದಲ್ಲಿದ್ದವಳು. ಇವುಗಳಲ್ಲಿ ಯಾವುದನ್ನೂ ನಂಬಿಲ್ಲ.

ಒಂದು ಮಾತನ್ನು ಮಾತ್ರ, ಅದು ಕಿವಿಗೆ ಬಿದ್ದ ಮೇಲೆ, ಬ್ರಹ್ಮಾವರಕ್ಕೆ ಹೋಗಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದ ಇಬ್ಬರು ನರ್ಸುಗಳನ್ನು ಬೇರೆಬೇರೆಯಾಗಿ ವಿಚಾರಿಸಿದೆ. ಇಬ್ಬರೂ ಹೇಳಿದ್ದು ಒಂದೇ. ಪಿತ್ತಕೋಶ ಹೊರಗೆ ಬಂದ ಕೂಡಲೇ ಡಾಕ್ಟರು ಅದನ್ನು ದೀಪಕ್ಕೆ ಹಿಡಿದು ಸುತ್ತಲೂ ತಿರುಗಿಸಿ ನೋಡಿ, ಅರಿವಳಿಕೆಯಲ್ಲಿ ಮೈಮರೆತು ಮಲಗಿದ್ದ ದೊಡ್ಡಮ್ಮನ ಕಿವಿಯ ಬಳಿ ಬಗ್ಗಿ, ಧಾರವಾಡದ ನಾಲಿಗೆಗೆ ಸಾಧ್ಯವಾದಷ್ಟು ಕುಂದಾಪ್ರ ಕನ್ನಡದಲ್ಲಿ, "ಹ್ವಾಯ್ ಅಮ್ಮಾರ, ಒಡಿಲಿಲ್ಲೆ, ಕಾಣಿ" ಎಂದದ್ದು ನಿಜ.