ಕ್ಯಾಮೆರಾದ ಏಜೆಂಟರು ಬದಲಾದ ವರ್ಷ

ಕ್ಯಾಮೆರಾ ಅಂಗಡಿಯ ಕೌಂಟರಿನ ಹಿಂದೆ ನಿಂತವನಿಗೆ ನಗು ನುಂಗಿಕೊಳ್ಳುವುದೇ ಅರ್ಧ ಕೆಲಸ. ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಪೇಟೆಯಲ್ಲಿ ಅಂಥದೊಂದು ಅಂಗಡಿ ನೋಡಿಕೊಳ್ಳುತ್ತಿದ್ದೆ. ಒಂದು ವರ್ಷ, ನಾವು ಹೆಚ್ಚಾಗಿ ಮಾರುತ್ತಿದ್ದ ಕ್ಯಾಮೆರಾದ ಕಂಪನಿಯವರು ಬೆಂಗಳೂರಿನ ಹಳೆಯ ಏಜೆಂಟರನ್ನು ಬಿಟ್ಟು ಮದರಾಸಿನ ಹೊಸಬರಿಗೆ ಏಜೆನ್ಸಿ ಕೊಟ್ಟರು. ಕ್ಯಾಮೆರಾ ಅದೇ, ಪೆಟ್ಟಿಗೆಯೂ ಅದೇ. ಆದರೂ ಸುದ್ದಿ ಹಬ್ಬಿದ್ದೇ ತಡ, ಕೊಂಡವರೆಲ್ಲ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತತೊಡಗಿದರು.

೧. ಗೋಡೆಯ ಮೇಲಿನ ಅವ್ವ

ಮೊದಲು ಬಂದವರು ಹಿರಿಯೂರು ಕಡೆಯ ಯಲ್ಲದಕೆರೆಯ ಒಬ್ಬ ರೈತರು. ಕುರ್ಚಿಯ ತುದಿಯಲ್ಲಿ ಕುಳಿತರು.

“ಹಳೆ ಏಜೆಂಟ್ರು ಹೋದ್ರಂತೆ?”

“ಹೌದು, ಹೊಸಬರು ಬಂದಿದ್ದಾರೆ.”

“ಹಂಗಾದ್ರೆ ಹಳಬ್ರು ಇದ್ದಾಗ ತೆಗೆದ ಫೋಟೋ ಅಳಿಸಿ ಹೋಗಲ್ಲ ತಾನೆ?”

ನಾನು ನಗಲಿಲ್ಲ. ತೀರಿಕೊಂಡ ಅವರ ತಾಯಿಯದು ಅಂತ ಇದ್ದ ಒಂದೇ ಫೋಟೋ ಆ ಕ್ಯಾಮೆರಾದ್ದು. ಏನೂ ಆಗುವುದಿಲ್ಲ ಎಂದೆ.

“ಸದ್ಯ” ಎಂದು ಎದ್ದರು. “ಬದುಕಿದ್ದಾಗ ಅವ್ವ ಹಿರಿಯೂರು ದಾಟಿದೋಳಲ್ಲ. ಮದ್ರಾಸ್ನೋರ ಕೈಗೆ ಹೋಗ್ತಾಳೇನೋ ಅಂತ ಗಾಬರಿ ಆಗಿತ್ತು.”

೨. ಕೆಡುವುದಕ್ಕೆ ಮೊದಲೇ

ಹೊಳಲ್ಕೆರೆಯ ಮೇಷ್ಟ್ರೊಬ್ಬರು ಕ್ಯಾಮೆರಾ ತಂದು ಮುಂದಿಟ್ಟು, “ರಿಪೇರಿಗೆ ಕಳಿಸ್ರಿ” ಎಂದರು. ತಿರುಗಿಸಿ ನೋಡಿದೆ. ಎಲ್ಲ ಸರಿಯಿತ್ತು.

“ಏನಾಗಿದೆ ಮೇಷ್ಟ್ರೇ?”

“ಏನೂ ಆಗಿಲ್ಲ.”

“ಹಾಗಾದರೆ ಕೆಟ್ಟ ಮೇಲೆ ತನ್ನಿ.”

“ಕೆಟ್ಟ ಮೇಲೆ ಅವರು ಮಾಡಿಕೊಡಲ್ಲ ಅಂದ್ರೆ? ಚೆನ್ನಾಗಿದ್ದಾಗಲೇ ಕಳಿಸಿ, ಅವರ ಕೆಲಸ ಹೆಂಗೈತೆ ನೋಡಾಣ.”

೩. ಇಬ್ಬರಿಗೂ ಬೇಡ

ಇವರಿಗೆಲ್ಲ ಬರೀ ಅನುಮಾನ. ನಿಜವಾಗಿ ಸಿಕ್ಕಿಕೊಂಡವರು ಹೊಸದುರ್ಗದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದವರು. ಆಯುಧಪೂಜೆ ಕಳೆದ ಸ್ವಲ್ಪ ದಿನಕ್ಕೆ ಬಂದರು. ಅವರಿಗೆ ಇದ್ದದ್ದು ಒಂದೇ ಕ್ಯಾಮೆರಾ. ಅದರ ಷಟರ್ ಅಂಟಿಕೊಂಡಿತ್ತು. ದೀಪಾವಳಿ ಕಳೆದರೆ ಬಾಗೂರಿನಲ್ಲಿ ದೊಡ್ಡ ಮದುವೆ, ಫೋಟೋ ತೆಗೆಯಲು ಒಪ್ಪಿಕೊಂಡಾಗಿತ್ತು. ತಪ್ಪಿಸಿದರೆ ಆ ಸೀಮೆಯಲ್ಲಿ ಮತ್ತೆ ಯಾರೂ ಕರೆಯುತ್ತಿರಲಿಲ್ಲ.

ಗ್ಯಾರಂಟಿ ಇನ್ನೂ ಮುಗಿದಿರಲಿಲ್ಲ. ಬೆಂಗಳೂರಿಗೂ ಮದರಾಸಿಗೂ ಟ್ರಂಕ್ ಕಾಲ್ ಮಾಡಿದೆ. “ನಮಗೂ ಅದಕ್ಕೂ ಸಂಬಂಧ ಮುಗಿಯಿತು” ಎಂದರು ಹಳಬರು. “ಅದು ನಾವು ಮಾರಿದ್ದಲ್ಲ” ಎಂದರು ಹೊಸಬರು. ಸ್ಟುಡಿಯೋದವರು ಕ್ಯಾಮೆರಾವನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಹೇಳಿದರು:

“ಏಜೆಂಟ್ರ ಬದ್ಲು ಮದುಮಗ ಬದ್ಲಾಗಿದ್ರೆ ಮುಹೂರ್ತನಾದ್ರೂ ಮುಂದಕ್ಕೆ ಹೋಗ್ತಿತ್ತು ಸಾರ್.”

೪. ಕೆಂಪು ಪುಡಿ

ಅಷ್ಟರಲ್ಲಿ ಹೊಸ ಏಜೆಂಟರ ಮೆಕ್ಯಾನಿಕ್ ಒಬ್ಬರು ಅಂಗಡಿಗಳ ಪರಿಚಯ ಮಾಡಿಕೊಳ್ಳಲು ಚಿತ್ರದುರ್ಗಕ್ಕೆ ಬರುವವರಿದ್ದರು. ಸ್ಟುಡಿಯೋದವರಿಗೆ ಅಂದೇ ಬರಲು ಹೇಳಿದೆ. ಅವರು ಅಂಗಡಿ ತೆರೆಯುವ ಮುಂಚೆಯೇ ಬಾಗಿಲಲ್ಲಿದ್ದರು.

ಮೆಕ್ಯಾನಿಕ್ ಕನ್ನಡಕ ಏರಿಸಿದರು. “ಕಂಪನಿಯ ದೋಷವಾದರೆ, ಯಾರೇ ಮಾರಿರಲಿ, ನಮ್ಮ ಆಫೀಸಿನವರು ಏನೇ ಅಂದಿರಲಿ, ಮಾಡಿಕೊಡ್ತೇನೆ. ನಿಮ್ಮ ಕೈಯಿಂದ ಆಗಿದ್ದರೆ ಆಗೋದಿಲ್ಲ.” ಸ್ಕ್ರೂ ಬಿಚ್ಚಿ, ಲೆನ್ಸ್ ತೆಗೆದು, ಮೆಲ್ಲಗೆ ತಟ್ಟಿದರು. ಕೆಳಗೆ ಹಾಸಿದ್ದ ಬಿಳಿ ಕಾಗದದ ಮೇಲೆ ಕೆಂಪು ಪುಡಿ ಉದುರಿತು.

“ಇದೇನು?”

“ಕುಂಕುಮ ಸಾರ್. ಆಯುಧಪೂಜೆ ದಿನ ಹೊರಗಷ್ಟೇ ಇಟ್ರೆ ಒಳಗಿನ ಮಿಷನ್ನಿಗೆ ಸಲ್ಲಲ್ಲ ಅಂತ ಷಟರ್ ತೆರೆದಿಟ್ಟು ಒಂಚೂರು ಹಾಕಿದ್ದೆ.”

“ಗ್ಯಾರಂಟಿಗೆ ಬರೋದಿಲ್ಲ” ಎಂದರು ಮೆಕ್ಯಾನಿಕ್.

ಸ್ಟುಡಿಯೋದವರ ಮುಖ ಸಣ್ಣಗಾಯಿತು. ತಲೆ ತಗ್ಗಿಸಿದರು. ತಗ್ಗಿಸಿದ ಕಣ್ಣಿಗೆ ಮೆಕ್ಯಾನಿಕ್ಕರ ತೆರೆದ ಟೂಲ್ ಬಾಕ್ಸ್ ಬಿತ್ತು. ಒಂದೊಂದು ಸ್ಕ್ರೂಡ್ರೈವರಿನ ಹಿಡಿಗೂ ಕುಂಕುಮ. ಮೂಲೆಯಲ್ಲಿ ಒಣಗಿದ ಸೇವಂತಿಗೆ.

“ಇದು ಯಾರು ಇಟ್ಟಿದ್ದು ಸಾರ್?”

ಮೆಕ್ಯಾನಿಕ್ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಸ್ಕ್ರೂಡ್ರೈವರ್ ಬೇಕಾಗಿತ್ತು, ಮತ್ತೆ ತೆರೆದರು. “ನನ್ನ ಹೆಂಡತಿ” ಎಂದರು. ಆಮೇಲೆ ಯಾರ ಮುಖವನ್ನೂ ನೋಡದೆ ಕ್ಯಾಮೆರಾ ಸರಿಮಾಡಿ, ಕಾಸು ಕೇಳದೆ ಕೊಟ್ಟರು. “ಇನ್ನು ಮೇಲೆ ಕುಂಕುಮ ಚರ್ಮದ ಚೀಲಕ್ಕೆ ಮಾತ್ರ ಇಡಿ.”

ಬಾಗೂರಿನ ಮದುವೆ ಚೆನ್ನಾಗಿ ನಡೆಯಿತು. ಸ್ಟುಡಿಯೋದವರು ಫೋಟೋಗಳನ್ನು ತಂದು ತೋರಿಸಿ, ಲಾಡು ಕೊಟ್ಟರು. ಹೊರಟವರು ಮೆಟ್ಟಿಲ ಬಳಿ ನಿಂತು, ದನಿ ತಗ್ಗಿಸಿದರು.

“ಕಂಪನಿಗೆ ಒಂದು ಮಾತು ಬರೀರಿ ಸಾರ್. ಮುಂದೆ ಏಜೆಂಟ್ರನ್ನ ಬದ್ಲಾಯಿಸಿದ್ರೆ, ಆಯುಧಪೂಜೆ ಮಾಡೋರನ್ನೇ ನೋಡಿ ಕೊಡ್ರಿ ಅಂತ.”