ಏನೂ ಮಾಡದ ಸಿಗಡಿ

ಕೆಲವರಿಗೆ ಸುಮ್ಮನೆ ಕೈಕಟ್ಟಿ ಕೂರುವುದು ಹುಟ್ಟಿನಿಂದಲೇ ಬರುತ್ತದೆ. ನನಗೆ ಬರುವುದಿಲ್ಲ. ತಂಗಿ ನಾಗವೇಣಿಯ ಸಂಶೋಧನೆ ಕೆಡಿಸಿದವಳು ನಾನೇ. ಆದರೂ ತಪ್ಪಾಯಿತು ಎಂದು ಮಾತ್ರ ಹೇಳಲಾರೆ. ನಾನು ನಾಲ್ಕನೇ ಇಯತ್ತೆ ಓದಿ ಅಂಕೋಲೆಯ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟವಳು. ಅವಳು ಕಾರವಾರದ ಪ್ರಯೋಗಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಾಳೆ. ಸೂಜಿ ಚುಚ್ಚದ ಡಾಕ್ಟರೂ ಇರುತ್ತಾರೆಂದು ನಮ್ಮೂರು ಹಾರವಾಡದವರಿಗೆಲ್ಲ ವಿವರಿಸಿ ನನ್ನ ಬಾಯಿ ಸೋತಿದೆ.

ಅವಳ ಓದೆಲ್ಲ ಸಿಗಡಿಯ ತಲೆ ಕಪ್ಪಾಗುವುದರ ಮೇಲೆ. ಸಿಗಡಿ ಸತ್ತರೂ ಅದರೊಳಗೆ ಕಿಣ್ವ ಎಂಬುದೊಂದು ದುಡಿಯುತ್ತಲೇ ಇರುತ್ತದಂತೆ. ಕಪ್ಪು ಅದರ ಕರಾಮತ್ತು. ಆ ಕಿಣ್ವವನ್ನು ತಡೆದು ಕೂರಿಸುವ ಮದ್ದಿಗೆ ಇನ್ಹಿಬಿಟರ್ ಎನ್ನುತ್ತಾಳೆ. ನಮ್ಮತ್ತೆ ಎದುರಿಗಿದ್ದಷ್ಟು ಹೊತ್ತು ನಾನು ಬಾಯಿಬಿಡುತ್ತಿರಲಿಲ್ಲವಾದ್ದರಿಂದ ಇದು ನನಗೆ ಬೇಗ ಅರ್ಥವಾಯಿತು.

ಒಂದು ಬೆಳಿಗ್ಗೆ ದೋಣಿಯಿಂದ ಇಳಿದ ಸಿಗಡಿಯನ್ನು ನಮ್ಮ ಅಂಗಳದಲ್ಲೇ ಎರಡು ಡಬ್ಬಿ ಮಾಡಿದಳು. ಒಂದನ್ನು ಮದ್ದಿನ ನೀರಲ್ಲಿ ಅದ್ದಿದಳು, ಇನ್ನೊಂದನ್ನು ಬರೀ ನೀರಲ್ಲಿ. ಐಸಿನಲ್ಲಿಟ್ಟು ಸ್ನಾನಕ್ಕೆ ಹೋದಳು. ಒಂದೇ ಬಲೆಯ ಸಿಗಡಿ. ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಡುವುದೆಂದರೇನು? ಚಿಕ್ಕವರಿದ್ದಾಗ ಅವಳಿಗೊಂದು ಚಕ್ಕುಲಿ ಕೊಟ್ಟು ನಾನೆರಡು ತಿಂದ ದಿನ ಅವ್ವ ಕೊಟ್ಟ ಪೆಟ್ಟು ಬೆನ್ನಿಗೆ ಇನ್ನೂ ನೆನಪಿದೆ. ನೆಂಟರ ಮನೆಗೆ ಕಳಿಸುವ ಸಿಗಡಿಯನ್ನು ಮುರುಗಲು ಸಿಪ್ಪೆ ಕಿವುಚಿದ ಹುಳಿನೀರಲ್ಲಿ ಅದ್ದುವುದು ನಮ್ಮ ಮನೆಯ ರೂಢಿ. ಅವಳ ಗುರುಗಳು ನೆಂಟರಿಗಿಂತ ಕಡಿಮೆಯೇ? ಮದ್ದು ಹಾಕದೆ ಬಿಟ್ಟ ಡಬ್ಬಿಯದನ್ನು ಅದರಲ್ಲಿ ಅದ್ದಿ, ತೊಳೆದು, ಮೊದಲಿನಂತೆ ಇಟ್ಟುಬಿಟ್ಟೆ.

ನಾಲ್ಕನೇ ದಿನ ಗುರುಗಳೆದುರು ತೆರೆದಾಗ ಎರಡೂ ಡಬ್ಬಿ ಬೆಳ್ಳಗೆ. ಮದ್ದು ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸವೇ ಇಲ್ಲ, ಈ ಮದ್ದನ್ನು ಬಿಟ್ಟು ಬೇರೆ ವಿಷಯ ಹುಡುಕು ಎಂದರಂತೆ. ಅಲ್ಲಿಗೆ ಅವಳ ಇಷ್ಟು ದಿನದ ಓದು ನೀರುಪಾಲು.

ಮನೆಗೆ ಬಂದವಳು ಚೀಲವನ್ನೂ ಇಳಿಸಲಿಲ್ಲ. "ಅಕ್ಕಾ, ಆ ಡಬ್ಬಿಗೆ ನೀ ಎಂಥಾದ್ರೂ ಹಾಕಿದ್ಯೇ?"

"ಮುರುಗಲು ನೀರು. ಹಾಳಾಗ್ಲಿಲ್ಲ ಅಲ್ದೆ?"

"ಹಾಳಾಗೂಕೇ ಇಟ್ಟದ್ದಾಗಿತ್ತು ಅದು. ಹುಳಿ ಹಾಕಿದ್ರೆ ಕಪ್ಪಾಗೂದಿಲ್ಲ ಹೇಳಿ ಪುಸ್ತಕದಲ್ಲೇ ಅದೆ. ಏನೂ ಮಾಡದ್ದು ಒಂದು ಕಪ್ಪಾದ್ರೆ ಮಾತ್ರ ನನ್ನ ಮದ್ದು ಕೆಲ್ಸ ಮಾಡ್ತು ಹೇಳಿ ತೋರ್ಸೂಕಾಗ್ತದೆ."

"ಹಾಳು ಮಾಡೂದ ಕಲಿಸೂಕೆ ನಿಮ್ಗೆ ಕಾಲೇಜು ಬೇಕಾಯ್ತೇ?" ಎಂದುಬಿಟ್ಟೆ. ಅವಳು ಅತ್ತಳು. ನಾನು ಒಳಗೆ ಹೋಗಿ, ಈರುಳ್ಳಿ ಹೆಚ್ಚುವ ನೆವದಲ್ಲಿ ಅತ್ತೆ.

ಅವಳು ಹೋಗಿ ನಡೆದದ್ದನ್ನು ಹೇಳಿದ ಮೇಲೆ ಗುರುಗಳು ಇನ್ನೊಂದೇ ಸಲ ನೋಡುತ್ತೇನೆಂದರು. ಮತ್ತೆ ಎರಡು ಡಬ್ಬಿ ಮಾಡಿಟ್ಟು, "ನೀ ಕೆಡ್ಸಿದ್ದು, ನಾಲ್ಕನೇ ದಿನ ನೀನೇ ಕಾರವಾರಕ್ಕೆ ತಕಂಡ್ ಬಾ. ಐಸು ಹಾಕು, ಮತ್ತೆಂಥದೂ ಮಾಡ್ಬೇಡ" ಎಂದು ಹೊರಟುಹೋದಳು. ನನ್ನ ಮನೆಯಲ್ಲಿ, ನನ್ನ ಕಣ್ಣೆದುರೇ, ಒಳ್ಳೇ ಸಿಗಡಿ ಕಪ್ಪಾಗುವುದನ್ನು ನೋಡುತ್ತ ಕೂತೆ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಡಬ್ಬಿಗಳ ಮುಚ್ಚಳ ಗಾಜಿನಂಥದ್ದು. ಕಾರವಾರದ ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು, ಪೇಟೆಯಲ್ಲಿ ನನ್ನ ಎದುರಿಗೇ ಬುಟ್ಟಿ ಇಡುವ ತುಳಸಿ.

"ಪಾರ್ವತೀ, ಈ ಕಪ್ಪು ಸಿಗಡಿ ಯಾರ ತಲೆಗೆ ಕಟ್ಟೂಕೆ ಹೊಂಟ್ಯೇ? ನಾಯೀನೂ ಮೂಸೂದಿಲ್ಲ."

"ಪ್ರೊಫೆಸರಿಗೆ," ಎಂದೆ. "ನೋಡು, ಎಷ್ಟು ಚಂದ ಕಪ್ಪಾಗಿ ಅದೆ. ಈ ಬದಿಯದು ಹೇಂಗೆ ಬೆಳ್ಳಗೆ ಅದೆ, ಅದೂ ನೋಡು."

ಬಸ್ಸೇ ತಿರುಗಿ ನೋಡಿತು. ತಂಗಿಯ ಮದ್ದು ಗೆದ್ದಿತ್ತು. ನಾನು ತಲೆಯೆತ್ತಿ ಕೂತೆ. ಆದರೆ ಬಸ್ಸು ಬಿಣಗಾ ಊರು ದಾಟುವಷ್ಟರಲ್ಲಿ, ಬೆಳ್ಳಗಿದ್ದದ್ದು ನನ್ನದು, ಕಪ್ಪಾದದ್ದು ತಂಗಿಯದು ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿ ಮುಗಿಸಿದ್ದೆ. ಅದಕ್ಕೂ ತಪ್ಪಾಯಿತು ಎನ್ನುವವಳಲ್ಲ. ನನ್ನ ಸಿಗಡಿ ಕಪ್ಪೆಂಬ ಮಾತು ಪೇಟೆಗೆ ಮುಟ್ಟಿದರೆ, ಮರುದಿನ ತುಳಸಿಯೆದುರು ಬುಟ್ಟಿ ಇಡಬೇಕಾದವಳು ನಾನು ತಾನೇ?