ನುಂಗಿದ ನಲವತ್ತು ಸೆಕೆಂಡುಗಳನ್ನು ದಯವಿಟ್ಟು ಮತ್ತೊಮ್ಮೆ ನುಂಗುವಂತೆ ಕೋರಿ

ಇವರಿಗೆ,
ಶ್ರೀಮಾನ್ ‘ಸರ್ವರೂಪಿ’ ವೀಡಿಯೊ ಪರಿವರ್ತಕ ಸಾಫ್ಟ್‌ವೇರ್ ಅವರು,
ಉಚಿತ ಆವೃತ್ತಿ,
ನನ್ನ ಲ್ಯಾಪ್‌ಟಾಪಿನ ಪರದೆಯ ಬಲಮೂಲೆ.

ಮಾನ್ಯರೇ,

ಎಂಥ ಫೈಲು ಕೊಟ್ಟರೂ ಮುಖ ಸಿಂಡರಿಸದೆ ಸ್ವೀಕರಿಸಿ, ನುಂಗಿ, ಅರಗಿಸಿ, ಬೇರೆ ರೂಪದಲ್ಲಿ ಹೊರಗಿಡುವ ತಮ್ಮ ದೊಡ್ಡ ಮನಸ್ಸಿಗೆ ಮೊದಲಾಗಿ ಕೈಮುಗಿದು, ಹೊಸೂರಿನ ಅವಲಪಲ್ಲಿಯಲ್ಲಿ ವಾಸವಾಗಿರುವ, ಮೂಕಂಡಪಲ್ಲಿಯ ಒಂದು ಗೇರ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಅಳತೆ ತಪಾಸಣೆ ಮಾಡುತ್ತಿರುವ, ರಜಾ ದಿನಗಳಲ್ಲಿ ಕೀಬೋರ್ಡ್ ನುಡಿಸಿ ಅಕ್ಕಪಕ್ಕದ ಮನೆಯವರ ಸಹನೆಯನ್ನೂ ತಪಾಸಣೆ ಮಾಡುವ ಪದ್ಮಶ್ರೀ ಎಂಬ ನಾನು, ಈ ಕೆಳಕಂಡ ದೂರನ್ನು ಎಲ್ಲರೂ ಓದಲೆಂದು ಬಹಿರಂಗವಾಗಿ ಬರೆದುಕೊಳ್ಳುತ್ತಿದ್ದೇನೆ. ಕೂದಲೆಳೆಯ ಇಪ್ಪತ್ತನೇ ಒಂದು ಭಾಗ ಹೆಚ್ಚುಕಮ್ಮಿಯಾದರೂ ಗೇರನ್ನು ಪಕ್ಕಕ್ಕಿಡುವುದು ನನ್ನ ಕೆಲಸ ಎಂಬುದನ್ನು ತಾವು ಗಮನದಲ್ಲಿಟ್ಟುಕೊಂಡರೆ, ನಲವತ್ತು ಸೆಕೆಂಡು ಕಾಣೆಯಾದಾಗ ನನಗಾದ ಸಂಕಟ ತಮಗೂ ಅರ್ಥವಾದೀತು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಕೆಲಮಂಗಲದ ಕನ್ನಡ ಶಾಲೆಯಲ್ಲಿ ಟೀಚರಾಗಿರುವ ನನ್ನ ಗೆಳತಿ ವರಲಕ್ಷ್ಮಿ, ತನ್ನ ಸೋದರಮಾವ ಕೊಂಡಪ್ಪನವರನ್ನೂ ಅತ್ತೆ ರಾಮಲಕ್ಷ್ಮಮ್ಮನವರನ್ನೂ ಕುರಿತು ಮೊಬೈಲಿನಲ್ಲೇ ಹದಿನೆಂಟು ನಿಮಿಷದ ಚಿತ್ರ ತೆಗೆದಿದ್ದಳು. ಈ ದಂಪತಿ ಒಂದೇ ಮನೆಯಲ್ಲಿದ್ದು ಹನ್ನೊಂದು ವರ್ಷದಿಂದ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ. ಕಾರಣ ಸಣ್ಣದೆಂದು ಕೊಂಡಪ್ಪನವರೂ, ಅಲ್ಲವೆಂದು ರಾಮಲಕ್ಷ್ಮಮ್ಮನವರೂ ಹೇಳುತ್ತಾರೆ. ಹೊಸೂರಿನಿಂದ ಡೆಂಕಣಿಕೋಟೆ ಬಸ್ಸಿನಲ್ಲಿ ಇಬ್ಬರೂ ಬರುತ್ತಿದ್ದಾಗ ಕೊಂಡಪ್ಪನವರು ಕೆಲಮಂಗಲದಲ್ಲಿ ಗೊಬ್ಬರದ ಮೂಟೆಯನ್ನು ಜ್ಞಾಪಕವಾಗಿ ಇಳಿಸಿಕೊಂಡು, ನಿದ್ದೆಹೋಗಿದ್ದ ಹೆಂಡತಿಯನ್ನು ಬಸ್ಸಿನಲ್ಲೇ ಮರೆತು ಮನೆಗೆ ಬಂದುಬಿಟ್ಟಿದ್ದರು. ಆಕೆ ಡೆಂಕಣಿಕೋಟೆಯಲ್ಲಿ ಕಣ್ಣುಬಿಟ್ಟವರು ಅಂದಿನಿಂದ ಬಾಯಿ ಬಿಡಲಿಲ್ಲ. ಆಮೇಲೆ ಮನೆಯ ಮಾತುಕತೆಯೆಲ್ಲ ನೀಲಿ ಎಂಬ ಎಮ್ಮೆಯ ಮೂಲಕ ನಡೆಯುತ್ತಿತ್ತು. “ನೀಲಿ, ಮುದ್ದೆ ಆರ್ತಾ ಐತೆ ಅಂತ ಹೇಳೇ” ಎಂದು ಆಕೆ ಎಮ್ಮೆಗೆ ಹೇಳಿದರೆ, ಮೂರು ಮಾರು ದೂರದಲ್ಲಿ ನಿಂತ ಅವರು “ಕೈ ತೊಳ್ಕಂಡ್ ಬತ್ತೀನಿ ಅಂತ ಹೇಳು ನೀಲಿ” ಎನ್ನುತ್ತಿದ್ದರು. ಎಮ್ಮೆ ಎರಡನ್ನೂ ಕೇಳಿಸಿಕೊಂಡು ಮೆಲುಕು ಹಾಕುತ್ತಿತ್ತು.

ಈ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೊಡಬೇಕೆಂದು ವರಲಕ್ಷ್ಮಿ ನನ್ನನ್ನು ಕೇಳಿದಳು. ಅವಳ ಆಸೆ ಇಷ್ಟೇ. ಚಿತ್ರದ ಹನ್ನೆರಡನೆಯ ನಿಮಿಷದಲ್ಲಿ, ಮಧ್ಯಾಹ್ನ ಜಗಲಿಯ ಮೇಲೆ ಮಲಗಿರುವ ಹೆಂಡತಿಯ ಕಿತ್ತುಹೋದ ಚಪ್ಪಲಿಯನ್ನು ಕೊಂಡಪ್ಪನವರು ಸದ್ದಿಲ್ಲದೆ ಎತ್ತಿಕೊಂಡು, ದಬ್ಬಳದಿಂದ ಹೊಲಿದು, ಮೊದಲಿದ್ದ ಜಾಗದಲ್ಲೇ ಇಟ್ಟು ಹೋಗುತ್ತಾರೆ. ಆಕೆಗೆ ಅದು ಗೊತ್ತಿಲ್ಲ. ಚಿತ್ರವನ್ನು ಇಬ್ಬರನ್ನೂ ಕೂರಿಸಿ ತೋರಿಸುವಾಗ ಅಲ್ಲಿ ಕೊಳಲು ಕೇಳಿಸಬೇಕು, ಕೇಳಿ ಅತ್ತೆಯ ಮನಸ್ಸು ಕರಗಬೇಕು. ಎಂಥ ಜವಾಬ್ದಾರಿ ನೋಡಿ. ನಾನು ಒಪ್ಪಿಕೊಂಡೆ.

ಆದರೆ ಮೊಬೈಲಿನ ಆ ಫೈಲನ್ನು ನನ್ನ ಸಂಗೀತದ ಸಾಫ್ಟ್‌ವೇರ್ ತೆರೆದು ನೋಡಿ, ದನಿಯನ್ನು ಮಾತ್ರ ಕೇಳಿಸಿ, ಚಿತ್ರದ ಜಾಗದಲ್ಲಿ ಕಪ್ಪು ಬಳಿದು ಕೂತಿತು. ಆಗ ಇಂಟರ್‌ನೆಟ್ಟಿನಲ್ಲಿ ಹುಡುಕಿದ ನನಗೆ ತಾವು ಸಿಕ್ಕಿದಿರಿ. ಒಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಫೈಲನ್ನು ತಮ್ಮ ಬಾಯಿಗಿಟ್ಟೆ. ಒಂಬತ್ತೂಕಾಲಿಗೆ ತಾವು ಶೇಕಡಾ ತೊಂಬತ್ತೊಂಬತ್ತು ಮುಗಿಸಿದಿರಿ. ಉಳಿದ ಒಂದಕ್ಕೆ ತಾವು ತೆಗೆದುಕೊಂಡ ಅವಧಿಯಲ್ಲಿ ನಾನು ಎರಡು ಬಕೆಟ್ ಬಟ್ಟೆ ನೆನೆಹಾಕಿ, ಒಗೆದು, ಒಣಗಿಸಿ, ಮಡಚಿಟ್ಟೆ. ಕೊನೆಗೆ ತಾವು ಕೊಟ್ಟ ಚಿತ್ರದಲ್ಲಿ ಕೊಂಡಪ್ಪನವರ ಹಣೆಯ ಮೇಲೆ, ವಿಭೂತಿ ಇರಬೇಕಾದ ಕಡೆ, ‘ಉಚಿತ’ ಎಂಬ ಮುದ್ರೆ ಬಿದ್ದಿತ್ತು. ಅದೂ ಇರಲಿ, ನಾನು ನೋಡಿಕೊಂಡು ನುಡಿಸುವುದಕ್ಕೆ ತಾನೇ ಎಂದು ಸುಮ್ಮನಾದೆ.

ಮೂರು ಭಾನುವಾರ ಕೂತು, ತಾವು ದಯಪಾಲಿಸಿದ ಚಿತ್ರದ ಒಂದೊಂದು ಫ್ರೇಮಿಗೂ ಹೊಂದಿಸಿ ಸಂಗೀತ ಮಾಡಿದೆ. ಚಪ್ಪಲಿ ಹೊಲಿಯುವಾಗ ಕೊಳಲು. ಅದರ ಮುಂದಿನ ದೃಶ್ಯದಲ್ಲಿ ಪಕ್ಕದ ಮನೆಯವರ ಮದುವೆ, ಅಲ್ಲಿ ತಾಳಿ ಕಟ್ಟುವಾಗ ಗಟ್ಟಿಮೇಳ. ಮುಗಿಸಿ ವರಲಕ್ಷ್ಮಿಗೆ ಕಳಿಸಿದೆ. ಅವಳು ಅದನ್ನು ತನ್ನ ಮೂಲ ಚಿತ್ರಕ್ಕೆ ಜೋಡಿಸಿ, ಮೊದಲ ಎರಡು ನಿಮಿಷ ನೋಡಿ, ಚೆನ್ನಾಗಿದೆ ಎಂದು ಖುಷಿಪಟ್ಟು, ಪರೀಕ್ಷೆ ಪೇಪರುಗಳ ರಾಶಿಗೆ ಹಿಂದಿರುಗಿದಳು.

ತಾವು ಹದಿನೆಂಟು ನಿಮಿಷದ ಚಿತ್ರವನ್ನು ಹದಿನೇಳು ನಿಮಿಷ ಇಪ್ಪತ್ತು ಸೆಕೆಂಡಿಗೆ ಇಳಿಸಿದ್ದೀರೆಂಬುದು ಆ ಹೊತ್ತಿಗೆ ತಮಗೆ ಮಾತ್ರ ಗೊತ್ತಿತ್ತು. ಮೊಬೈಲು ಒಂದು ಸೆಕೆಂಡಿಗೆ ಒಮ್ಮೆ ಮೂವತ್ತು ಫ್ರೇಮು, ಒಮ್ಮೆ ಇಪ್ಪತ್ತೇಳು, ಹೀಗೆ ಮನಸ್ಸಿಗೆ ಬಂದಂತೆ ತೆಗೆಯುತ್ತದಂತೆ. ತಾವು ಅದಕ್ಕೆ ಶಿಸ್ತು ಕಲಿಸಲು ಹೋಗಿ ಒಂದೊಂದು ನಿಮಿಷದಿಂದಲೂ ಎರಡು ಸೆಕೆಂಡಿಗಿಂತ ಕೊಂಚ ಹೆಚ್ಚು ಕಿತ್ತುಕೊಂಡಿದ್ದಿರಿ. ಆದ್ದರಿಂದ ನನ್ನ ಸಂಗೀತ ಶುರುವಿನಲ್ಲಿ ಸರಿಯಾಗಿದ್ದು, ಹೋಗುಹೋಗುತ್ತಾ ಚಿತ್ರಕ್ಕಿಂತ ಮುಂದೆ ಓಡುತ್ತಿತ್ತು.

ಇದು ನನಗೆ ತಿಳಿದದ್ದು ಕೆಲಮಂಗಲದ ಶಾಲೆಯಲ್ಲಿ, ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿ, ಐವತ್ತು ಅರವತ್ತು ಜನರ ನಡುವೆ ಚಿತ್ರ ತೋರಿಸಿದ ಮಧ್ಯಾಹ್ನ. ಕೊಂಡಪ್ಪನವರು ಗಂಡಸರ ಸಾಲಿನಲ್ಲೂ ರಾಮಲಕ್ಷ್ಮಮ್ಮನವರು ಹೆಂಗಸರ ಸಾಲಿನಲ್ಲೂ ಕೂತಿದ್ದರು. ಹನ್ನೊಂದೂವರೆ ನಿಮಿಷಕ್ಕೆ ಪರದೆಯ ಮೇಲೆ ನೀಲಿ ಎಮ್ಮೆ ಬಾಲವೆತ್ತಿ, ಕ್ಯಾಮೆರಾವನ್ನೇ ದಿಟ್ಟಿಸುತ್ತಾ, ಸಾವಕಾಶವಾಗಿ ಉಚ್ಚೆ ಹೊಯ್ಯತೊಡಗಿತು. ನನ್ನ ಕೊಳಲು ಆಗ ಶುರುವಾಯಿತು. ಮೂರು ಭಾನುವಾರ ಬೆವರು ಸುರಿಸಿ, ಗಂಡಹೆಂಡಿರ ಮುರಿದ ಮನಸ್ಸಿಗೆಂದು ಕಟ್ಟಿದ ರಾಗ ಆ ಧಾರೆಯ ಜೊತೆಜೊತೆಗೆ ಏರಿ, ಅದರ ಜೊತೆಗೇ ಇಳಿಯಿತು. ಜನ ನಕ್ಕರು. ನಾನು ಎದ್ದು ಹಿಂದಿನ ಕಂಬದ ಮರೆಗೆ ಹೋಗಿ ನಿಂತೆ.

ಆಮೇಲೆ ಚಪ್ಪಲಿಯ ದೃಶ್ಯ ಬಂತು. ಕೊಳಲು ಆಗಲೇ ಮುಗಿದಿತ್ತು. ಸದ್ದಿಲ್ಲದ ಪರದೆಯಲ್ಲಿ ಕೊಂಡಪ್ಪನವರು ದಾರ ಎಳೆದು, ಹಲ್ಲಿನಿಂದ ಕಚ್ಚಿ, ಚಪ್ಪಲಿಯನ್ನು ಹೆಂಡತಿಯ ಕಾಲ ಬಳಿ ಇಡಲು ಬಗ್ಗಿದರು. ಇಡುವುದಕ್ಕೂ ಗಟ್ಟಿಮೇಳ ಬೀಳುವುದಕ್ಕೂ ಸರಿಹೋಯಿತು. ಡೋಲು, ನಾಗಸ್ವರ, ಒಟ್ಟಿಗೆ, ಶಾಲೆಯ ತಗಡಿನ ಮಾಡು ಅದುರುವಂತೆ. ಹೆಂಗಸರ ಸಾಲಿನಲ್ಲಿ ಪುರಿ ತಿನ್ನುತ್ತಾ ಕೂತಿದ್ದ ಅಂಜಿನಮ್ಮ ಎಂಬ ನೆರೆಮನೆಯಾಕೆ, ಗಟ್ಟಿಮೇಳ ಕೇಳಿದ ಅಭ್ಯಾಸಬಲದಿಂದಲೋ ಏನೋ, ಕೈಯಲ್ಲಿದ್ದ ಪುರಿಯನ್ನು ಅಕ್ಷತೆಯಂತೆ ಪರದೆಯ ಕಡೆ ಎಸೆದರು. ಅವರನ್ನು ನೋಡಿ ಪಕ್ಕದವರೂ, ಅವರ ಹಿಂದಿನವರೂ ಎಸೆದರು. ಕೊಂಡಪ್ಪನವರ ತಲೆಯ ಮೇಲೂ ಬಿತ್ತು.

ಆ ಗಲಾಟೆಯಲ್ಲಿ ರಾಮಲಕ್ಷ್ಮಮ್ಮನವರು ಎದ್ದು ನಿಂತರು. ಗಂಡನ ಕಡೆ ನೇರವಾಗಿ ತಿರುಗಿ ಕೇಳಿದರು:

“ಚಪ್ಲಿ ನೀನಾ ಹೊಲ್ದಿದ್ದು?”

ಕೊಂಡಪ್ಪನವರು ಅತ್ತಿತ್ತ ನೋಡಿದರು, ಬಹುಶಃ ಎಮ್ಮೆಗಾಗಿ. ಅದು ಅಲ್ಲಿರಲಿಲ್ಲ.

“ಇನ್ಯಾರು ಹೊಲೀತಾರೆ” ಎಂದರು.

“ವರಲಕ್ಷ್ಮಿ ಅಂದ್ಕಂಡಿದ್ದೆ. ಹೊಲ್ಗೆ ಸೊಟ್ಟಗೈತೆ. ಎಡಗಾಲು ಕಚ್ತದೆ.”

“ಬಿಚ್ಕೊಡು. ಸರಿ ಮಾಡ್ತೀನಿ.”

ಆಕೆ ಎಡಗಾಲಿನ ಚಪ್ಪಲಿ ಬಿಚ್ಚಿದರು. ಅದು ಕೈಯಿಂದ ಕೈಗೆ ದಾಟಿ, ಹೆಂಗಸರ ಸಾಲಿನಿಂದ ಗಂಡಸರ ಸಾಲಿಗೆ ಬಂದು, ಕೊಂಡಪ್ಪನವರ ತೊಡೆಯ ಮೇಲೆ ಕೂತಿತು. ಚಿತ್ರ ಇನ್ನೂ ಐದು ನಿಮಿಷ ಓಡಿತಂತೆ, ಯಾರೂ ನೋಡಲಿಲ್ಲ. ವರಲಕ್ಷ್ಮಿ ಕಂಬದ ಹಿಂದೆ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಕ್ಷಮೆ ಕೇಳಲು ಬಾಯಿ ತೆರೆದಿದ್ದ ನಾನು ಮುಚ್ಚಿಕೊಂಡೆ. ಇಂಥ ಜಾಗದಲ್ಲಿ ಗಟ್ಟಿಮೇಳ ಹಾಕಬೇಕೆಂದು ಹೇಗೆ ಹೊಳೆಯಿತು ಎಂದು ಶಾಲೆಯ ಹೆಡ್‌ಮಾಸ್ಟರು ವಿಚಾರಿಸಿದಾಗ, ಹೊಳೆಯಿತು ಎಂದಷ್ಟೇ ಹೇಳಿದೆ. ಈ ಸುಳ್ಳಿನಲ್ಲಿ ತಮಗೂ ಅರ್ಧ ಪಾಲಿದೆ.

ದೂರು ಇಲ್ಲಿಂದ ಶುರುವಾಗುತ್ತದೆ, ಮಾನ್ಯರೇ.

ಮುಂದಿನ ತಿಂಗಳು ಕೃಷ್ಣಗಿರಿಯಲ್ಲಿ ಪ್ರದರ್ಶನವಿತ್ತು. ನನ್ನ ವೃತ್ತಿಯ ಮರ್ಯಾದೆಗಾದರೂ ಎಲ್ಲವನ್ನೂ ಸರಿಮಾಡಬೇಕೆಂದು ಫೈಲನ್ನು ಮತ್ತೆ ತಮಗೆ ಒಪ್ಪಿಸಿದೆ. ಅಷ್ಟರಲ್ಲಿ ತಾವು ನನ್ನನ್ನೊಂದು ಮಾತೂ ಕೇಳದೆ ಹೊಸ ಆವೃತ್ತಿಗೆ ಏರಿ, ‘ಕೆಲವು ಸಣ್ಣಪುಟ್ಟ ದೋಷಗಳನ್ನು ನಿವಾರಿಸಲಾಗಿದೆ’ ಎಂದು ಬರೆದುಕೊಂಡಿದ್ದಿರಿ. ಚಿತ್ರ ಹದಿನೆಂಟಕ್ಕೆ ಹದಿನೆಂಟು ನಿಮಿಷ ಹೊರಬಂತು. ಸಂಗೀತವನ್ನೆಲ್ಲ ಅದಕ್ಕೆ ಹೊಸದಾಗಿ ಹೊಂದಿಸಿದೆ. ಕೊಳಲು ಚಪ್ಪಲಿಗೆ, ಗಟ್ಟಿಮೇಳ ಮದುವೆಗೆ, ಎಮ್ಮೆಗೆ ಮೌನ. ಕೃಷ್ಣಗಿರಿಯ ಜನ ಹದಿನೆಂಟು ನಿಮಿಷ ಅಲುಗಾಡದೆ ನೋಡಿ, ತಮಿಳು, ತೆಲುಗು, ಕನ್ನಡ ಮೂರರಲ್ಲೂ ಚೆನ್ನಾಗಿದೆ ಎಂದು ಹೇಳಿ ಬೋಂಡಾದ ಕಡೆ ನಡೆದರು. ಒಬ್ಬರಾದರೂ ಪುರಿ ಎಸೆಯಲಿಲ್ಲ. ಗಂಡನ ಪಕ್ಕದಲ್ಲೇ ಕೂತು ನೋಡಿದ ರಾಮಲಕ್ಷ್ಮಮ್ಮನವರು ಹೊರಗೆ ನನ್ನ ಕೈ ಹಿಡಿದು ಕೇಳಿದರು: “ಓಲಗ ಎಲ್ಲಿಗೋಯ್ತಮ್ಮ? ನಮ್ಗೇ ಊದಿದ್ರಲ್ಲ ಅದು.”

ಈ ಪ್ರಶ್ನೆಗೆ ಉತ್ತರ ತಮ್ಮ ಸಹಾಯ ವಿಭಾಗದಲ್ಲಿಯೂ ಇಲ್ಲ, ಹುಡುಕಿದ್ದೇನೆ.

ಹಳೆಯ ಜೋಡಣೆಯನ್ನೇ ಕೊಡೋಣವೆಂದರೆ ವರಲಕ್ಷ್ಮಿ ಮೊಬೈಲಿನಲ್ಲಿ ಜಾಗ ಸಾಲದೆಂದು ಅದನ್ನು ಅಳಿಸಿದ್ದಳು. ಗಟ್ಟಿಮೇಳವನ್ನು ಕೈಯಾರೆ ಹಿಂದಕ್ಕೆ ಎಳೆದು ಚಪ್ಪಲಿಗೆ ಕೂರಿಸಿ, ಅವರ ಮನೆಗೇ ಹೋಗಿ ತೋರಿಸಿದೆ. ಕೊಂಡಪ್ಪನವರು ಗಡ್ಡ ಕೆರೆದುಕೊಂಡು, “ಈಗ ಬೇಕಂತ ಮಾಡ್ದಂಗೈತೆ ಕಣಮ್ಮ” ಎಂದರು. ಸರಿಯಾದ ಮಾತು. ಬೇಕೆಂದೇ ಮಾಡಿದ್ದೆ. ಅಷ್ಟು ಹೇಳಿ ಅವರು ಹೆಂಡತಿಯೊಡನೆ ಸೊಪ್ಪಿನ ಸಾರಿನ ಖಾರದ ವಿಚಾರಕ್ಕೆ ತಿರುಗಿ ಜಗಳಕ್ಕೆ ಬಿದ್ದರು. ಹನ್ನೊಂದು ವರ್ಷದ ಬಾಕಿ ಮಾತನ್ನು ಅವರು ಈಗ ಒಂದು ಕಡೆಯಿಂದ ತೀರಿಸುತ್ತಿದ್ದಾರೆ. ಯಾರೂ ಮಾತಾಡಿಸದ ನೀಲಿ ಮಂಕಾಗಿ ಹಾಲನ್ನು ಅರ್ಧ ಲೀಟರು ಕಮ್ಮಿ ಮಾಡಿದೆ. ಈ ನಷ್ಟವೂ ತಮ್ಮ ಲೆಕ್ಕಕ್ಕೇ ಸೇರಬೇಕೆಂದು ನನ್ನ ನಮ್ರ ಅಭಿಪ್ರಾಯ.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸುದ್ದಿ ಹರಡಿತು. ನಾದಿನಿಯೊಡನೆ ಆರು ವರ್ಷದಿಂದ ಮಾತು ಬಿಟ್ಟಿರುವ ಅಂಜಿನಮ್ಮ, ನಾದಿನಿ ಮೊರದಲ್ಲಿ ರಾಗಿ ಒನೆಯುತ್ತಿರುವ ವೀಡಿಯೊ ಹಿಡಿದು ಕೆಲಮಂಗಲದಿಂದ ಅವಲಪಲ್ಲಿಯ ತನಕ ಬಂದು, “ಅದ್ರೊಳಕ್ಕೆ ಹಾಕ್ಕೊಡಮ್ಮ” ಎಂದು ನನ್ನ ಲ್ಯಾಪ್‌ಟಾಪಿಗೆ ಕೈಮುಗಿದರು. ಆಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಬಂದರು, ಒಬ್ಬರ ನಂತರ ಒಬ್ಬರು, ಬೇರೆಬೇರೆ ಬಸ್ಸಿನಲ್ಲಿ. ನಾನು ಪರಿವರ್ತಿಸಿ ಕೊಡುತ್ತೇನೆ, ತಾವು ಇದ್ದದ್ದನ್ನು ಇದ್ದ ಹಾಗೆಯೇ ಹಿಂದಿರುಗಿಸುತ್ತೀರಿ, ಅವರು ನೋಡಿ, ಏನೂ ಆಗಲಿಲ್ಲವಲ್ಲ ಎಂದು ಹೊರಡುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಏನೆಂದರೆ, ತಾವು ನಿವಾರಿಸಿಕೊಂಡ ದೋಷವನ್ನು ಬೇಗನೆ ಹಿಂದಕ್ಕೆ ಪಡೆಯಬೇಕು. ಪೂರಾ ಆಗದಿದ್ದರೆ ಹೊಸೂರು, ಕೃಷ್ಣಗಿರಿ ಸುತ್ತಮುತ್ತಲಿನವರಿಗಾದರೂ ಅನ್ವಯಿಸುವಂತೆ ‘ಮನಸ್ತಾಪ’ ಎಂಬ ಒಂದು ಬಟನ್ ಇಟ್ಟು, ಅದನ್ನು ಒತ್ತಿದಾಗ ಎಷ್ಟು ಸೆಕೆಂಡು ನುಂಗಬೇಕೆಂಬುದನ್ನು ಜಗಳದ ವಯಸ್ಸು ನೋಡಿ ತಾವೇ ತೀರ್ಮಾನಿಸಬೇಕು.

ಕೊನೆಯದಾಗಿ ಒಂದು ಸ್ವಂತ ವಿಷಯ. ಮಾಲೂರಿನಲ್ಲಿರುವ ನನ್ನ ತಮ್ಮ ವೆಂಕಿ ಮತ್ತು ನಾನು ನಾಲ್ಕು ವರ್ಷದಿಂದ ಮಾತಾಡಿರಲಿಲ್ಲ. ಅವನ ಗೃಹಪ್ರವೇಶದ ದಿನ ಬಡಿಸುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದ್ದು ಅವನ ತಪ್ಪೋ, ಊಟ ಮಾಡದೆ ಹೊರಟುಬಂದದ್ದು ನನ್ನ ತಪ್ಪೋ, ಅಳತೆ ಮಾಡುವ ಉಪಕರಣ ನಮ್ಮ ಕಾರ್ಖಾನೆಯಲ್ಲಿಲ್ಲ. ಹೋದ ಭಾನುವಾರ ಅದೇ ದಿನದ ಒಂದು ಸಣ್ಣ ವೀಡಿಯೊ, ಅವನು ಹಾಲಿನ ಪಾತ್ರೆ ಹಿಡಿದು ಹೊಸ್ತಿಲು ದಾಟುವುದು, ತಮಗೆ ಕೊಟ್ಟೆ. ತಮ್ಮಿಂದ ಏನಾದರೂ ಎಡವಟ್ಟಾಗಲೆಂದು ಕಾದು ಕೂತೆ. ಒಂದು ನಿಮಿಷ ಹನ್ನೆರಡು ಸೆಕೆಂಡು ಹೋಗಿ, ಒಂದು ನಿಮಿಷ ಹನ್ನೆರಡು ಸೆಕೆಂಡೇ ಬಂತು. ಒಂದು ಫ್ರೇಮೂ ಆಚೀಚೆ ಇರಲಿಲ್ಲ. ಮತ್ತೆ ಹಾಕಿದೆ, ಮತ್ತೆ ಹಾಗೆಯೇ. ನಾಲ್ಕನೆಯ ಸಲವೂ ತಾವು ತಪ್ಪು ಮಾಡಲು ಒಪ್ಪದಿದ್ದಾಗ ಬೇರೆ ದಾರಿ ಕಾಣದೆ ಫೋನೆತ್ತಿಕೊಂಡೆ.

ಮೂರು ರಿಂಗಿಗೆ ಎತ್ತಿದ.

“ನಿನ್ ನಂಬ್ರು ಅದೇನಾ ಅಕ್ಕ?” ಎಂದ.

ಅದೇ ಎಂದೆ.

“ನಂದೂ ಅದೇ ಕಣಕ್ಕ” ಎಂದ.

ಆಮೇಲೆ ಅವನ ಮನೆಯ ಬೋರ್‌ವೆಲ್ ಮೋಟಾರಿನ ವಿಚಾರವಾಗಿ ಇಪ್ಪತ್ತು ನಿಮಿಷ ಮಾತಾಡಿದೆವು.

ನನ್ನನ್ನು ಈ ಸ್ಥಿತಿಗೆ ತಂದಿಟ್ಟ ತಮ್ಮ ಕರಾರುವಾಕ್ಕುತನವನ್ನು ಮತ್ತೊಮ್ಮೆ ಖಂಡಿಸುತ್ತಾ,

ತಮ್ಮ ವಿಶ್ವಾಸಿ, ತಮ್ಮಲ್ಲಿ ಇನ್ನೂ ವಿಶ್ವಾಸವಿಲ್ಲದ,
ಪದ್ಮಶ್ರೀ
ಅವಲಪಲ್ಲಿ, ಹೊಸೂರು

ವಿ.ಸೂ.: ಇದನ್ನು ತಮ್ಮ ‘ದೂರು ಸಲ್ಲಿಸಿ’ ಪುಟದಲ್ಲೇ ಹಾಕಲು ಹೋಗಿದ್ದೆ. ‘ನಾನು ಯಂತ್ರವಲ್ಲ’ ಎಂಬುದನ್ನು ಸಾಬೀತುಮಾಡಲು ಟ್ರಾಫಿಕ್ ದೀಪಗಳಿರುವ ಚಿತ್ರಗಳನ್ನು ಗುರುತಿಸಲು ಹೇಳಿದಿರಿ. ಮೂರು ಸಲ ಸರಿಯಾಗಿ ಗುರುತಿಸಿದರೂ ಒಪ್ಪಲಿಲ್ಲ. ನಾಲ್ಕನೆಯ ಸಲ ರೇಗಿ ಕಣ್ಣುಮುಚ್ಚಿ ಸಿಕ್ಕಸಿಕ್ಕದ್ದನ್ನು ಒತ್ತಿದಾಗ, ಮನುಷ್ಯಳೆಂದು ಒಪ್ಪಿ ಒಳಗೆ ಬಿಟ್ಟು, ದೂರು ಇನ್ನೂರು ಅಕ್ಷರ ಮೀರಬಾರದು ಎಂದಿರಿ. ನನ್ನನ್ನು ಗುರುತಿಸುವ ರೀತಿ ತಮಗೆ ಚೆನ್ನಾಗಿ ಗೊತ್ತಿದೆ ಎಂದು ಇದರಿಂದ ತಿಳಿದು ಸಂತೋಷವಾಯಿತು.